ಡಿಸ್ಕ್ ತುಂಬುತ್ತಿದ್ದ ದಿನ

ದಿಲ್ಲಿಯ ಹತ್ತಿರ ಮಾನೇಸರದ ಆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಕನ್ನಡದವರು ನಾವಿಬ್ಬರೇ, ನಾನು ಮತ್ತು ಅಂಕಲ್. ಅವರು ಕೊಡಗಿನವರು. ಸೇನೆಯ ಸಂಪರ್ಕ ವಿಭಾಗ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾದ ಮೇಲೆ ನಮ್ಮ ವಿಭಾಗಕ್ಕೆ ಹಿರಿಯರಾಗಿ ಬಂದಿದ್ದರು. ಎಲ್ಲರೆದುರು ನಾನು ಅವರನ್ನು ಸರ್ ಎನ್ನುತ್ತಿದ್ದೆ, ಊಟದ ಹೊತ್ತಿಗೆ ಅಂಕಲ್. ಡಬ್ಬಿಯಲ್ಲಿ ಅವರೂರಿನ ಅಕ್ಕಿ ಕಡುಬು, ಕಡಂಬುಟ್ಟು, ಇದ್ದರೆ ಅರ್ಧ ನನಗೆ. "ಆ ಪಿಜಿ ಊಟ ತಿಂದೂ ಬದುಕಿದೀಯಲ್ಲಮ್ಮ, ನಿಂಗೇ ಪದಕ ಕೊಡಬೇಕು" ಎನ್ನುತ್ತಿದ್ದರು.

ಎದೆನೋವೆಂದು ಅವರು ದಿಲ್ಲಿಯ ಆಸ್ಪತ್ರೆ ಸೇರಿದ ವಾರವೇ ನಮ್ಮ ಲಾಗ್ ಸರ್ವರ್ ಕೆಟ್ಟಿತು. ಪ್ರತಿ ಯಂತ್ರದ ಕಂಪ್ಯೂಟರೂ ತಾನು ಮಾಡಿದ್ದನ್ನೆಲ್ಲ ಸಣ್ಣ ಸಣ್ಣ ಸಂದೇಶಗಳಾಗಿ ಆ ಸರ್ವರಿಗೆ ಕಳಿಸುತ್ತದೆ. ಸರ್ವರ್ ಸಿಗದಿದ್ದರೆ ಅವನ್ನು ತನ್ನದೇ ಡಿಸ್ಕಿನಲ್ಲಿ ಸಾಲಾಗಿ ಇಟ್ಟುಕೊಂಡು ಕಾಯುತ್ತದೆ. ಸಾಲು ಬೆಳೆದು ಡಿಸ್ಕ್ ತುಂಬಿತೆಂದರೆ ಯಂತ್ರವೂ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಡಿಸ್ಕುಗಳು ತುಂಬುತ್ತ ಬಂದಿದ್ದವು.

"ಸಬ್ ಡಿಲೀಟ್ ಕರ್ ದೋ," ಎಂದರು ಮ್ಯಾನೇಜರ್.

ಎಲ್ಲವನ್ನೂ ಅಳಿಸಿಬಿಡಲು ನನಗೆ ಮನಸ್ಸಾಗಲಿಲ್ಲ. ಯಾವ ಯಂತ್ರ ಎಲ್ಲಿ ಎಡವಿತೆಂಬುದು ಆ ಸಂದೇಶಗಳಲ್ಲೇ ಇರುತ್ತಿತ್ತು. ಏನು ಮಾಡಲೆಂದು ಯೋಚಿಸುತ್ತಿರುವಾಗ ಆಸ್ಪತ್ರೆಯಿಂದ ಅಂಕಲ್ ಅವರದೇ ಫೋನ್ ಬಂತು. ಯಾರೋ ಸುದ್ದಿ ಮುಟ್ಟಿಸಿದ್ದರು.

"ಅಳಿಸಬೇಡಮ್ಮ. 'ಎಲ್ಲ ಸರಿ ಇದೆ' ಅನ್ನೋ ಸಂದೇಶ ಬರೆಯೋದನ್ನ ಸದ್ಯಕ್ಕೆ ನಿಲ್ಲಿಸು. ಎಚ್ಚರಿಕೆ ಮಾತ್ರ ಬರಲಿ. ಆಮೇಲೆ ಒಂದೊಂದೇ ಸಾಲನ್ನ ದೊಡ್ಡ ಡಿಸ್ಕಿಗೆ ಸಾಗಿಸು. ಅವಸರ ಬೇಡ."

"ನೀವು ಮಲಕ್ಕೊಳ್ಳಿ ಅಂಕಲ್."

"ಮಲಗೇ ಇದೀನಲ್ಲ! ಚಲೋ, ಶುರು ಮಾಡು. ಸಿಕ್ಕಿಹಾಕ್ಕೊಂಡ್ರೆ ಫೋನ್ ಮಾಡು."

ಹೇಳಿದಂತೆ ಮಾಡಿದೆ. ಡಿಸ್ಕ್ ತುಂಬುವ ವೇಗ ಇಳಿಯಿತು. ಕೊನೆಯ ಯಂತ್ರದ ಸಾಲೊಂದು ಮಾತ್ರ ಸಾಗಲೊಲ್ಲದು. ಫೋನ್ ಮಾಡಿದೆ. ಎತ್ತಿದ್ದು ದಿಲ್ಲಿಯಲ್ಲೇ ಬೆಳೆದ ಅವರ ಮಗಳು.

"ದೀದಿ, ಪಾಪಾ..." ಎಂದಳು. ಕನ್ನಡದ ಪದ ಹುಡುಕಿದಳೇನೋ, ಸಿಗಲಿಲ್ಲ. "ಪಾಪಾ ನಹೀ ರಹೇ, ದೀದಿ."

ಅಂಕಲ್ ಹೋಗಿಬಿಟ್ಟಿದ್ದರು. ಹಿಂದೆ ಯಾರೋ ಅಳುತ್ತಿದ್ದರು. ಇತ್ತ ಪರದೆಯ ಮೇಲೆ ಡಿಸ್ಕಿನ ಅಂಕಿ ಏರುತ್ತಲೇ ಇತ್ತು. ನಾನು ಕಣ್ಣೊರೆಸಿಕೊಂಡು ಆ ಸಾಲನ್ನು ತುಂಡು ತುಂಡು ಮಾಡಿ ಸಾಗಿಸಿದೆ. ಬೇರೆ ಯಾರಿಗೂ ಆ ಕೆಲಸ ಗೊತ್ತಿರಲಿಲ್ಲ.

ಮರುದಿನ ಸರ್ವರ್ ಎದ್ದಿತು. ಕಾದಿದ್ದ ಸಂದೇಶಗಳೆಲ್ಲ ಒಂದೂ ಕಳೆಯದೆ ಹೋಗಿ ಸೇರಿದವು. ಮ್ಯಾನೇಜರ್ ಬೆನ್ನು ತಟ್ಟಿ ಎಲ್ಲರಿಗೂ ಸಮೋಸ ತರಿಸಿದರು. ನಾನು ಮುಟ್ಟದೆ ರಜೆ ಕೇಳಿ ಹೊರಟೆ.

ದಿಲ್ಲಿಯ ಕಿದ್ವಾಯಿ ನಗರದ ಅವರ ಕ್ವಾರ್ಟರ್ಸಿನಲ್ಲಿ ಅಂಕಲ್ ಅವರ ಹೆಂಡತಿ, ಆಂಟಿ, ನೆಲದ ಮೇಲೆ ಕೂತಿದ್ದರು. ಸರ್ಕಾರಿ ನೌಕರಿಯ ಗಟ್ಟಿ ಹೆಂಗಸು, ಗುರುತೇ ಸಿಗದಷ್ಟು ಕುಗ್ಗಿದ್ದರು. ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡರು.

"ನಾನು ಔಷಧಿ ತರೋಕೆ ಕೆಳಗೆ ಹೋಗಿದ್ದೆ. ವಾಪಸ್ ಬರೋಷ್ಟರಲ್ಲಿ ಮಾತು ನಿಂತಿತ್ತು. ಕೊನೇಲಿ ಮಾತಾಡಿದ್ದು ನಿನ್ ಹತ್ರಾನೇ. ಏನಂದ್ರು?"

ಅವರಿಗೆ ಬೇಕಾದ ಮಾತು ನನ್ನಲ್ಲಿರಲಿಲ್ಲ. ಹೆಂಡತಿಯ ಬಗ್ಗೆ, ಮಗಳ ಬಗ್ಗೆ ಅಂಕಲ್ ಏನೂ ಹೇಳಿರಲಿಲ್ಲ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

"ಡಿಸ್ಕಿನ ವಿಷಯ, ಆಂಟಿ. ಸರ್ವರ್ ಬರೋವರೆಗೂ ಸಂದೇಶಗಳನ್ನ ಹೇಗೆ ಉಳಿಸ್ಕೋಬೇಕು ಅಂತ."

"ದನಿ ಹೇಗಿತ್ತು? ನೋವಿತ್ತಾ?"

"ಇಲ್ಲ ಆಂಟಿ. ತಮಾಷೆ ಮಾಡ್ತಿದ್ರು."

ಅವರು ಕಣ್ಣು ಮುಚ್ಚಿದರು. "ಪೂರ್ತಿ ಹೇಳು. ಅವರು ಹೇಳಿದ ಹಾಗೇ ಹೇಳು."

ಹೇಳಿದೆ. ಅವರಿಗೆ ಅರ್ಥವಾಗದ ಆ ಮಾತುಗಳನ್ನೆಲ್ಲ ಕೇಳಿ ತಲೆಯಾಡಿಸಿದರು. ಮಗಳೂ ಬಂದು ತಾಯಿಯ ಭುಜಕ್ಕೊರಗಿ ಕೂತಳು.

"ಇನ್ನೊಂದ್ಸಲ," ಎಂದರು ಆಂಟಿ.