ಗಡಿ ದಾಟಿದ ಕನ್ನಡ ಸಾಲುಗಳು

ನಾಮದೇವ ಮೊದಲ ಸಲ ನೀಲಮಳನ್ನು ಕಂಡದ್ದು ಅಥಣಿಯ ಡಿಟಿಪಿ ಅಂಗಡಿಯಲ್ಲಿ. ಕಂಪ್ಯೂಟರಿನ ಪರದೆಗೆ ಸ್ಟೀಲಿನ ಪಟ್ಟಿ ಹಚ್ಚಿ, ಒಂದು ಕಣ್ಣು ಮುಚ್ಚಿ, ಆಕೆ ಸಾಲು ಅಳೆಯುತ್ತಿದ್ದಳು. ಕೆನ್ನೆಯ ಮೇಲೆ ಪೆನ್ನಿನ ನೀಲಿ ಗೀರು. ತಿರುಗಿ ನೋಡದೆಯೇ, "ಬರ್ರಿ ಕಾಕಾ. ಆ ಕುರ್ಚಿ ಕಾಲ ಸಡ್ಲ ಐತಿ, ಗ್ವಾಡಿಗೆ ಆತು ಕೂಡ್ರಿ" ಎಂದಳು.

ಉಗಾರದ ಸಕ್ಕರೆ ಕಾರ್ಖಾನೆಯಿಂದ ನಿವೃತ್ತನಾದ ನಾಮದೇವ ಪುಸ್ತಕ ಮಾಡಿಸಲೆಂದು ತಂದದ್ದು ಬುದ್ಧವಂದನೆಯ ಕೈಬರಹ. ಶಿರಗುಪ್ಪಿಯ ಅವನ ಓಣಿಯಲ್ಲಿ ಅತ್ತೆಯರು ಕನ್ನಡ ಓದುವವರು, ಸಾಂಗಲಿ ಕಡೆಯಿಂದ ಬಂದ ಸೊಸೆಯರು ಮರಾಠಿ. ಹಾಗಾಗಿ ಎಡ ಪುಟಕ್ಕೆ ಕನ್ನಡ, ಬಲ ಪುಟಕ್ಕೆ ಮರಾಠಿ. ಅಕ್ಷರ ಮಾತ್ರ ದೊಡ್ಡವಿರಬೇಕು. ಹೆಂಡತಿ ಸುಗಂಧಾ ಓದಲು ಕಲಿತದ್ದೇ ಮೊಮ್ಮಕ್ಕಳಾದ ಮೇಲೆ. ಬುದ್ಧ ಪೂರ್ಣಿಮೆಗೆ ವಿಹಾರದಲ್ಲಿ ಎಲ್ಲರೆದುರು ತಾನೇ ನಿಂತು ಓದಬೇಕೆಂಬುದು ಆಕೆಯ ಆಸೆ.

ಮೊದಲ ಕರಡು ಬಂತು. ಮರಾಠಿ ಪುಟ ಪೆಟ್ಟಿಗೆಯಂತೆ ನೀಟಾಗಿತ್ತು. ಕನ್ನಡ ಸಾಲುಗಳು ಬಲ ಅಂಚು ದಾಟಿ, ಪುಸ್ತಕದ ಹೊಲಿಗೆ ಬೀಳುವ ಜಾಗದವರೆಗೂ ಚಾಚಿದ್ದವು.

ಅಂಗಡಿಯ ಮಾಲೀಕ ನೇಮಿನಾಥ ನಕ್ಕ. "ನಾಮದೇವಣ್ಣಾ, ನಿಮ್ಮ ಕನ್ನಡ ಗಡಿ ದಾಟಿ ಮಹಾರಾಷ್ಟ್ರಕ್ಕ ಹೊಂಟೇತಲ್ರಿ! ನೀಲಮಾ, ಅಕ್ಷರ ಸಣ್ಣ ಮಾಡಿ ಒಳಗ ತಳ್ಳು."

"ಸಣ್ಣ ಮಾಡೂದಿಲ್ರಿ. ಕಾಕೂ ಓದಬೇಕಲ್ಲ?"

ಅಂಚು ಹೆಚ್ಚಿಸಿ ನೋಡಿದಳು. ಕನ್ನಡ ಪುಟ ಸೊರಗಿತು, ಸಾಲು ಮಾತ್ರ ಒಳಗೆ ಬರಲಿಲ್ಲ. ಕೊನೆಗೆ ಕಡತದ ಮೊದಲ ಸಾಲಿನಿಂದ, ತಾನು ಕಂಪ್ಯೂಟರಿಗೆ ಕೊಟ್ಟಿದ್ದ ಒಂದೊಂದೇ ಆದೇಶ ಓದುತ್ತ ಬಂದಳು.

"ತಪ್ಪು ನಂದ ಕಾಕಾ," ಎಂದಳು ಮುಂದಿನ ವಾರ. "ಇಡೀ ಪುಸ್ತಕ ಮರಾಠಿ ಅಂತ ಕಂಪ್ಯೂಟರಿಗೆ ಹೇಳಿಟ್ಟಿದ್ನಿ. ಕನ್ನಡದ ಉದ್ದ ಪದಾ ಎಲ್ಲಿ ಮುರೀಬೇಕು ಅಂತ ಅದಕ್ಕ ತಿಳೀಲಿಲ್ಲ."

ಕನ್ನಡ ಪುಟಗಳನ್ನು ಕನ್ನಡವೆಂದು ಗುರುತಿಸಿದ್ದೇ, ಪದಗಳು ಸಾಲಿನ ಕೊನೆಗೆ ಮುರಿದು ಅಂಚು ನೇರವಾಯಿತು. ಆದರೆ ಜೊತೆಗೆ ಬಂದಿದ್ದ ಸುಗಂಧಾ ಓದುತ್ತ ಎರಡನೇ ಸಾಲಿಗೇ ನಿಂತಳು.

"ಬು... ಇದೇನ ಬೇ, ಬುದ್ಧನ್ನ ನಡುವ ಮುರದೀ?"

ನೇಮಿನಾಥ ಬಿದ್ದು ಬಿದ್ದು ನಕ್ಕ. ನೀಲಮ ನಗಲಿಲ್ಲ. "ಮತ್ತೊಮ್ಮೆ ಓದ್ರಿ ಕಾಕೂ, ಸಾವಕಾಶ" ಎಂದು ಪಕ್ಕದಲ್ಲಿ ಕೂತಳು. ಸುಗಂಧಾ ಉಸಿರು ತೆಗೆದುಕೊಂಡಲ್ಲೆಲ್ಲ ನೀಲಮ ಪೆನ್ಸಿಲ್ಲಿನಿಂದ ಗೆರೆ ಎಳೆದಳು. ಸಾಲುಗಳನ್ನು ಅಲ್ಲಲ್ಲೇ ಮುಗಿಸಿ, ಯಾವ ಪದವನ್ನೂ ಮುರಿಯದಂತೆ ಹೊಸದಾಗಿ ಪುಟ ಕಟ್ಟಿದಳು.

"ಬಲಗಡೆ ಮತ್ತ ಏರುಪೇರು ಆತಲ್ಲ?" ಎಂದ ನೇಮಿನಾಥ.

"ಆಗ್ಲಿರಿ. ಅಂಚಿನ ಒಳಗ ಅದಾವ, ಹೊಲಿಗ್ಯಾಗ ಸಿಗೂದಿಲ್ಲ. ಮರಾಠಿದೂ ಹಂಗ ಮಾಡೇನಿ, ಎರಡೂ ಕಡೆ ಒಂದ ನ್ಯಾಯ."

ಪೂರ್ಣಿಮೆಯಂದು ಸುಗಂಧಾ ಬೆರಳಿಟ್ಟು ಓದಿದಳು. ಒಮ್ಮೆ ತಡವರಿಸಿದಳು, ಯಾರೂ ಹೇಳಿಕೊಡುವ ಮೊದಲೇ ತಾನೇ ಮುಂದುವರಿಸಿದಳು.

ನೀಲಮ ಈಗಲೂ ಅದೇ ಅಂಗಡಿಯಲ್ಲಿ ಕನ್ನಡ, ಮರಾಠಿ ಎರಡೂ ಭಾಷೆಯ ಪುಸ್ತಕಗಳ ಪುಟ ಕಟ್ಟುತ್ತಾಳೆ.