ಐತಪ್ಪಣ್ಣನ ಕೊನೆಯ ನುಡಿ

ಐತಪ್ಪಣ್ಣನ ಹೆಸರು ಕತ್ತರಿಸಿದವರ ಮೇಲೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಮೀನಾ ಸಲ್ಮಾನ್ ಬಂದರಿನ ಹತ್ತಿರದ ಲೇಬರ್ ಕ್ಯಾಂಪಿನಲ್ಲಿ ನಮ್ಮ ರೂಮಿನಲ್ಲಿದ್ದ ವೆಲ್ಡರ್ ಐತಪ್ಪಣ್ಣ. ಹೋದ ವರ್ಷ ತೀರಿಕೊಂಡರು. ಅವರು ಕಟ್ಟಿದ ಹಾಡುಗಳನ್ನು ಬಹ್ರೈನಿನಲ್ಲಿರುವ ನಮ್ಮೂರ ಕೆಲಸದವರು ಕಂಪನಿ ಬಸ್ಸಿನಲ್ಲಿ ಇವತ್ತಿಗೂ ಹಾಡುತ್ತಾರೆ. ಪ್ರತಿ ಹಾಡಿನ ಕೊನೆಯ ನುಡಿಯಲ್ಲಿ ತನ್ನ ಹೆಸರು ಸೇರಿಸುವುದು ಐತಪ್ಪಣ್ಣನ ಕ್ರಮ.

ಶುಕ್ರವಾರದ ಒಂದು ಸಮಾರಂಭಕ್ಕೆ ನಾನು ಮೈಕ್ ಸೆಟ್ ಹಾಕಲು ಹೋಗಿದ್ದೆ. ಕೋಟು ತೊಟ್ಟ ಗಾಯಕರೊಬ್ಬರು ಐತಪ್ಪಣ್ಣನ ಹಾಡನ್ನೇ ಅಭ್ಯಾಸ ಮಾಡುತ್ತಿದ್ದರು. ಕೊನೆಯ ನುಡಿ ಮಾತ್ರ ಇಲ್ಲ.

“ಸರ್, ಒಂದು ನುಡಿ ಬಿಟ್ಟುಹೋಯ್ತು.”

“ಬೇಕಂತಲೇ ಬಿಟ್ಟದ್ದು ಮಾರಾಯ. ಅದರಲ್ಲಿ ಯಾರೋ ವೆಲ್ಡರನ ಹೆಸರು ಬರ್ತದೆ. ಇದು ಜನಪದ, ಜನರದ್ದು.”

“ಐತಪ್ಪಣ್ಣ ಜನ ಅಲ್ವಾ ಸರ್? ಕುರಿಯಾ?”

“ನೀನು ಮೈಕ್ ನೋಡು.”

ನೋಡಿದೆ. ವೇದಿಕೆ ಹತ್ತಿ ಅವರು “ಬರೆದವರು ಯಾರೆಂದು ಗೊತ್ತಿಲ್ಲ” ಎಂದು ಹೇಳಿ, ಹಾಡಿ, ಕೈಮುಗಿದರು. ನಾನು ಅವರ ಮೈಕ್ ಆಫ್ ಮಾಡಿ ನನ್ನ ಮೊಬೈಲಿನಲ್ಲಿದ್ದ ರೆಕಾರ್ಡಿಂಗ್ ಬಿಟ್ಟೆ. ಮೊದಲು ಐತಪ್ಪಣ್ಣನ ಕೆಮ್ಮು, ಆಮೇಲೆ ಆ ಒಡಕು ಗಂಟಲು:

“ಕಬ್ಬಿಣ ಹೊಲಿದವ ಐತಪ್ಪ, ಈ ಹಾಡೂ ಹೊಲಿದವ ಐತಪ್ಪ.”

ಹಿಂದಿನ ಸಾಲಿನಲ್ಲಿದ್ದ ನಮ್ಮ ಕ್ಯಾಂಪಿನವರೆಲ್ಲ ಎದ್ದುನಿಂತು ಅದನ್ನೇ ಹಾಡಿದರು. ವೇದಿಕೆಯ ಮೇಲೆ ಗಾಯಕರು ಬಾಯಿ ಆಡಿಸುತ್ತಿದ್ದರು. ಏನೂ ಕೇಳಿಸಲಿಲ್ಲ.

ಕೆಳಗಿಳಿದು ಬಂದವರೇ “ಮೈಕಿಗೆ ಏನಾಯ್ತೋ?” ಎಂದು ಹಾರಿಬಿದ್ದರು.

“ಏನೂ ಆಗಿಲ್ಲ ಸರ್. ನೀವು ಹೇಳಿದ ಮೇಲೆ ಚೆನ್ನಾಗಿ ನೋಡಿದ್ದೇನೆ.”

ನನ್ನನ್ನು ಒಳಗೆ ಬಿಡಬಾರದೆಂದು ಈಗ ಆ ಸಭಾಂಗಣದ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಅದರಲ್ಲಿ ನನ್ನ ಹೆಸರು ಮಾತ್ರ ಒಂದಕ್ಷರವೂ ಬಿಟ್ಟುಹೋಗಿಲ್ಲ.