ಉಸಿರಿನ ಮೇಷ್ಟ್ರು

ನಮ್ಮ ಈಜುಕೊಳದ ಮೇಷ್ಟ್ರ ಪ್ರಕಾರ ಮನುಷ್ಯನ ಎಲ್ಲ ತೊಂದರೆಗಳಿಗೂ ಕಾರಣ ಒಂದೇ, ಉಸಿರನ್ನು ಸರಿಯಾಗಿ ಬಿಡದಿರುವುದು. ನೀರು ಕುಡಿದು ಕೆಮ್ಮುವ ಶಿಷ್ಯನಿಗೂ, ಹಾಲು ಉಕ್ಕಿತೆಂದು ಕೂಗುವ ಹೆಂಡತಿಗೂ ಅವರು ಹೇಳುವುದು, "ಗಾಬರಿ ಬೇಡ, ಉಸಿರು ಬಿಡಿ." "ಮೊದ್ಲು ಒಲೆ ಆರಿಸ್ರೀ, ಆಮೇಲೆ ಬಿಡೋಣ" ಎನ್ನುತ್ತಾರೆ ಹೆಂಡತಿ. ಮೇಷ್ಟ್ರು ತಮ್ಮ ಉಸಿರನ್ನು ಎಷ್ಟು ಪಳಗಿಸಿದ್ದಾರೆಂದರೆ, ಸೀನು ಕೂಡ ಅವರ ಅಪ್ಪಣೆ ಕೇಳಿಯೇ ಬರುತ್ತದೆ. ಮೊನ್ನೆ ಅವರ ಪುಟ್ಟ ಮಗಳು ಮೊದಲ ಸಲ ಕೊಳದ ಆಳದ ಕಡೆ ಧುಮುಕಿ, ನೀರಿನೊಳಗೇ ಈಜತೊಡಗಿದಳು. ದಂಡೆಯಲ್ಲಿ ಸೀಟಿ ಕಚ್ಚಿಕೊಂಡು ನಿಂತ ಮೇಷ್ಟ್ರ ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು, ಸೀಟಿಯಿಂದ ಸದ್ದೇ ಇಲ್ಲ. ಅವಳು ಆಚೆ ದಂಡೆಯಲ್ಲಿ ತಲೆಯೆತ್ತಿ ಅವರನ್ನು ನೋಡಿದವಳೇ ಕೂಗಿದಳು, "ಅಪ್ಪಾ, ನಾನು ಬಂದಾಯ್ತು. ಇನ್ನು ನೀನು ಉಸಿರು ಬಿಡು!"